ಡ್ರೈಯರ್ ಚಾಲೂ ಆಗುತ್ತಿಲ್ಲವೇ? ಪ್ಲಗ್‌ನಿಂದ ಮೋಟಾರ್‌ವರೆಗೆ ತಪ್ಪು ಹುಡುಕುವ ಬಗೆ

ಆಷಾಢ ಬಂತೆಂದರೆ ಧಾರವಾಡದಲ್ಲಿ ಅರಿವೆ ಒಣಗಿಸುವುದೇ ಒಂದು ದೊಡ್ಡ ಕೆಲಸ. ಜಿಟಿಜಿಟಿ ಮಳೆ ಹಿಡಿದರೆ ನಾಲ್ಕು ದಿನ ಬಿಡುವುದಿಲ್ಲ. ಗದಗಿನವರಿಗೆ ಈ ಕಷ್ಟ ಅಷ್ಟಿಲ್ಲ. ಅಲ್ಲಿನ ಗಾಳಿಗೆ ಮಾಳಿಗೆ ಮೇಲೆ ಹಾಕಿದ ಸೀರೆ ನೋಡನೋಡುತ್ತಲೇ ಒಣಗುತ್ತದೆ. ಇಲ್ಲಿ ಹಾಲ್‌ನಲ್ಲಿ ಹಗ್ಗ, ಬಾಗಿಲ ಮೇಲೆ ಟವೆಲ್, ಫ್ಯಾನ್ ಕೆಳಗೆ ಮಕ್ಕಳ ಯೂನಿಫಾರ್ಮ್. ಅದಕ್ಕೇ ಹುಬ್ಬಳ್ಳಿ-ಧಾರವಾಡದ ಕೆಲವು ಮನೆಗಳಿಗೆ ಡ್ರೈಯರ್ ಬಂದಿದೆ. ಬೇಸಿಗೆಯಿಡೀ ಮೂಲೆಯಲ್ಲಿ ಸುಮ್ನೆ ನಿಂತ ಯಂತ್ರ ಜೂನ್‌ನಲ್ಲಿ ಬಟನ್ ಒತ್ತಿದರೆ ಏಳುವುದಿಲ್ಲ. ಮೆಕ್ಯಾನಿಕ್‌ಗೆ ಫೋನ್ ಮಾಡಿದರೆ ಅವರಿಗೂ ಅದೇ ಸೀಸನ್, ನಾಲ್ಕು ದಿನ ಬಿಟ್ಟು ಬರುತ್ತಾರೆ. ಬಂದವರು ಎರಡು ನಿಮಿಷ ನೋಡಿ "ಬೋರ್ಡ್ ಹೋಗೈತ್ರಿ" ಅಂದರೆ ನಾವು ತಲೆಯಾಡಿಸಬೇಕು.

ಮಷಿನ್ ನಡೆಸುವ ಎಲೆಕ್ಟ್ರಾನಿಕ್ ಬೋರ್ಡ್ ಹೋಗುವುದು ಇದ್ದೇ ಇದೆ. ಆದರೆ ಅದಕ್ಕೂ ಮೊದಲು ಸಾಕೆಟ್, ಬಾಗಿಲ ಸ್ವಿಚ್, ಮೋಟಾರ್ ತಿರುಗಲು ಬಲ ಕೊಡುವ ಕೆಪಾಸಿಟರ್, ಡ್ರಮ್ ತಿರುಗಿಸುವ ಬೆಲ್ಟ್ ಇವನ್ನೆಲ್ಲ ನೋಡಬೇಕು. ಇವುಗಳಲ್ಲಿ ಅರ್ಧದಷ್ಟನ್ನು ಸ್ಕ್ರೂಡ್ರೈವರ್ ಮುಟ್ಟದೆಯೇ ನೋಡಬಹುದು.

ನಿಮ್ಮದು ಯಾವ ಡ್ರೈಯರ್?

ನಮ್ಮ ಕಡೆ "ಡ್ರೈಯರ್ ತಿರುಗವಲ್ದು" ಅಂದರೆ ಬಹಳ ಸಲ ಅದು ಸೆಮಿ ಆಟೋಮ್ಯಾಟಿಕ್ ವಾಷಿಂಗ್ ಮಷಿನ್‌ನ ಪಕ್ಕದ ಚಿಕ್ಕ ಟಬ್. ಅದು ಬಟ್ಟೆಯನ್ನು ಜೋರಾಗಿ ತಿರುಗಿಸಿ ನೀರು ಹಿಂಡುತ್ತದೆ ಅಷ್ಟೇ, ಬಿಸಿ ಮಾಡುವುದಿಲ್ಲ. ಅದರ ಕಥೆ ಬೇರೆ, ಮುಂದೆ ಬರುತ್ತದೆ.

ಬಿಸಿಗಾಳಿಯ ನಿಜವಾದ ಡ್ರೈಯರ್‌ನಲ್ಲಿ ಮೂರು ಬಗೆ. ಒಂದು, ಹಸಿ ಗಾಳಿಯನ್ನು ದಪ್ಪ ಪೈಪಿನಿಂದ ಹೊರಗೆ ಬಿಡುವುದು. ಎರಡು, ಆವಿಯನ್ನು ತಣಿಸಿ ನೀರನ್ನು ಒಂದು ಡಬ್ಬಿಯಲ್ಲಿ ತುಂಬಿಕೊಳ್ಳುವ ಕಂಡೆನ್ಸರ್ ಮಾದರಿ. ಮೂರು, ಅದೇ ಬಿಸಿಯನ್ನು ಮತ್ತೆ ಮತ್ತೆ ಬಳಸಿಕೊಳ್ಳುವ ಹೀಟ್ ಪಂಪ್. ಮೊದಲ ಎರಡು ಸಾಮಾನ್ಯವಾಗಿ 2,000ದಿಂದ 2,500 ವ್ಯಾಟ್ ಎಳೆಯುತ್ತವೆ. ಹೀಟ್ ಪಂಪ್ ಅದರ ಅರ್ಧಕ್ಕಿಂತಲೂ ಕಡಿಮೆ. ಈ ಲೆಕ್ಕ ತಲೆಯಲ್ಲಿರಲಿ, ಸಾಕೆಟ್ ನೋಡುವಾಗ ಬೇಕಾಗುತ್ತದೆ.

ವಾರಂಟಿ ಇನ್ನೂ ಇದ್ದರೆ ಮುಚ್ಚಳ ಬಿಚ್ಚುವ ಹಂತಕ್ಕೆ ಹೋಗಬೇಡಿ. ಹೊರಗಿನಿಂದ ಮಾಡುವ ಪರೀಕ್ಷೆಗಳನ್ನಷ್ಟೇ ಮಾಡಿ ಕಂಪನಿಯವರನ್ನು ಕರೆಯಿರಿ.

ಬಟನ್ ಒತ್ತಿ ಕಿವಿಗೊಡಿ

ಫ್ಯಾನ್, ಟಿವಿ ಎಲ್ಲ ಬಂದ್ ಮಾಡಿ. ಮಷಿನ್ ಖಾಲಿ ಇರಲಿ. ಬಾಗಿಲು ಹಾಕಿ ಸ್ಟಾರ್ಟ್ ಒತ್ತಿ. ಈಗ ಏನಾಯಿತು ಅನ್ನುವುದೇ ಮುಂದಿನ ದಾರಿ ಹೇಳುತ್ತದೆ.

ದೀಪವೇ ಹತ್ತಲಿಲ್ಲ ಅಂದರೆ ಕರೆಂಟ್ ಒಳಗೆ ಬರುತ್ತಿಲ್ಲ. ದೀಪ ಇದೆ, ಆದರೆ ಒಂದು ಟಕ್ ಸದ್ದೂ ಇಲ್ಲ ಅಂದರೆ ಮಷಿನ್ ಯಾವುದಕ್ಕೋ ಕಾಯುತ್ತಿದೆ ಅಥವಾ ಬಾಗಿಲು ಹಾಕಿದ್ದು ಅದಕ್ಕೆ ಗೊತ್ತಾಗಿಲ್ಲ. "ಗುಂಯ್" ಅನ್ನುತ್ತದೆ, ತಿರುಗುವುದಿಲ್ಲ ಅಂದರೆ ಕೆಪಾಸಿಟರ್ ಅಥವಾ ಎಲ್ಲೋ ಸಿಕ್ಕಿಹಾಕಿಕೊಂಡಿದೆ. ಮೋಟಾರ್ ಓಡುವ ಸದ್ದಿದೆ, ಡ್ರಮ್ ನಿಂತೇ ಇದೆ ಅಂದರೆ ಬೆಲ್ಟ್. ಒತ್ತಿದ ಕೂಡಲೇ ಮನೆಯ ಎಂಸಿಬಿ (ಕರೆಂಟ್ ಅತಿಯಾದರೆ ತಾನೇ ಬೀಳುವ ಸ್ವಿಚ್) ಬೀಳುತ್ತದೆ ಅಂದರೆ ಅದು ಬೇರೆಯೇ ವಿಷಯ, ಅಲ್ಲಿ ನಿಮ್ಮ ಕೈಚಳಕ ಬೇಡ.

ಗುಂಯ್ ಸದ್ದು ಬಂದರೆ ನಾಲ್ಕೈದು ಸೆಕೆಂಡಿನೊಳಗೆ ಬಂದ್ ಮಾಡಿ. ನಿಂತ ಮೋಟಾರ್‌ಗೆ ಕರೆಂಟ್ ಹರಿಯುತ್ತಲೇ ಇದ್ದರೆ ಒಳಗಿನ ತಂತಿ ಸುರುಳಿ (ವೈಂಡಿಂಗ್) ಸುಡುತ್ತದೆ. ನೂರಿನ್ನೂರು ರೂಪಾಯಿಯ ರಿಪೇರಿ ಆಗ ಸಾವಿರಗಳಿಗೆ ಹೋಗುತ್ತದೆ.

ದೀಪವೇ ಇಲ್ಲದಿದ್ದರೆ

ಮನೆಯಲ್ಲಿ ಲೈಟ್ ಉರಿಯುತ್ತಿದೆ, ಅಂದರೆ ಕರೆಂಟ್ ಇದೆ ಎಂದುಕೊಳ್ಳುವುದೇ ಮೊದಲ ಎಡವಟ್ಟು. ಇನ್ವರ್ಟರ್ ಇರುವ ಮನೆಯಲ್ಲಿ ಲೈಟ್, ಫ್ಯಾನ್ ಇನ್ವರ್ಟರ್ ಲೈನ್‌ನಲ್ಲಿರುತ್ತವೆ. ದೊಡ್ಡ ಸಾಕೆಟ್‌ಗಳು ಅದರಲ್ಲಿ ಇರುವುದಿಲ್ಲ. ಕರೆಂಟ್ ಹೋಗಿ ಅರ್ಧ ತಾಸಾದರೂ ಯಾರಿಗೂ ಗೊತ್ತಾಗಿರುವುದಿಲ್ಲ, ಅಷ್ಟರಲ್ಲಿ ಡ್ರೈಯರ್‌ಗೆ ಬೈಗುಳ ಶುರುವಾಗಿರುತ್ತದೆ. ಇನ್ನು ಮೂರು ಫೇಸ್ ಕನೆಕ್ಷನ್ ಇರುವ ಮನೆಗಳಲ್ಲಿ ಒಂದು ಫೇಸ್ ಹೋದರೆ ಹಾಲ್ ಝಗಮಗ, ಬಚ್ಚಲುಮನೆ ಕಡೆ ಕತ್ತಲು. ಪಕ್ಕದ ಮನೆಯವರನ್ನು "ನಿಮ್ಮಲ್ಲಿ ಪೂರಾ ಐತೇನ್ರಿ?" ಅಂತ ಕೇಳಿ. ಅವರಲ್ಲೂ ಇದೇ ಕಥೆಯಾದರೆ ಕರೆಂಟ್ ಕೊಡುವ ಹೆಸ್ಕಾಂಗೆ 1912ಕ್ಕೆ ಫೋನ್ ಮಾಡುವುದೇ ರಿಪೇರಿ.

ಕರೆಂಟ್ ಪೂರ್ತಿ ಇದ್ದರೆ ಮೀಟರ್ ಬಳಿಯ ಬಾಕ್ಸ್ ತೆರೆದು ಎಂಸಿಬಿ ನೋಡಿ. ಬಿದ್ದ ಎಂಸಿಬಿ ಕೆಲವೊಮ್ಮೆ ಪೂರ್ತಿ ಕೆಳಗೆ ಬರದೆ ನಡುವೆ ನಿಲ್ಲುತ್ತದೆ, ಕಣ್ಣಿಗೆ ಗೊತ್ತಾಗುವುದಿಲ್ಲ. ಪೂರ್ತಿ ಕೆಳಗೆ ಒತ್ತಿ, ಆಮೇಲೆ ಮೇಲೆತ್ತಿ. ಟೆಸ್ಟ್ ಬಟನ್ ಇರುವ ಅಗಲವಾದ ಸ್ವಿಚ್ ಆರ್‌ಸಿಸಿಬಿ. ಅದು ಬಿದ್ದಿದ್ದರೆ ಎಲ್ಲೋ ಕರೆಂಟ್ ಸೋರುತ್ತಿದೆ ಎಂದರ್ಥ. ಒಂದು ಸಲ ಎತ್ತಿ ನೋಡಿ, ಮತ್ತೆ ಬಿದ್ದರೆ ಹಟ ಮಾಡಬೇಡಿ.

ಈಗ ಸಾಕೆಟ್. ಸ್ವಿಚ್ ಬಂದ್ ಮಾಡಿ ಪ್ಲಗ್ ಹೊರಗೆಳೆದು ಬೆಳಕಿಗೆ ಹಿಡಿಯಿರಿ. ಮೂರೂ ಪಿನ್ ಒಂದೇ ಬಣ್ಣ ಇರಬೇಕು. ಒಂದು ಪಿನ್ ಮಾತ್ರ ಕಂದು ಅಥವಾ ನೀಲಿಗೆ ತಿರುಗಿದ್ದರೆ, ಅದರ ಬುಡದ ಪ್ಲಾಸ್ಟಿಕ್ ಮೆತ್ತಗಾಗಿ ಸ್ವಲ್ಪ ಉಬ್ಬಿದ್ದರೆ, ಮೂಗಿಗೆ ಸುಟ್ಟ ಮೀನಿನಂಥ ವಾಸನೆ ಬಂದರೆ, ಮುಂದೆ ಹುಡುಕುವ ಅಗತ್ಯವೇ ಇಲ್ಲ. ಸಾಕೆಟ್ ಒಳಗಿನ ಹಿಡಿತ ಸಡಿಲಾಗಿ ಅಲ್ಲೇ ಬಿಸಿಯಾಗಿದೆ. ಸಾಕೆಟ್ ಮತ್ತು ಪ್ಲಗ್ ಎರಡನ್ನೂ ಬದಲಿಸಿ. ಒಂದನ್ನೇ ಬದಲಿಸಿದರೆ ಹಳೆಯದು ಹೊಸದನ್ನೂ ಸುಡುತ್ತದೆ.

ಪಿನ್ ಚೆನ್ನಾಗಿದ್ದರೆ ಅದೇ ಸಾಕೆಟ್‌ಗೆ ಇಸ್ತ್ರಿ ಪೆಟ್ಟಿಗೆ ಹಾಕಿ ನೋಡಿ. ಮೊಬೈಲ್ ಚಾರ್ಜರ್ ಹಾಕಿ "ಕರೆಂಟ್ ಬರ್ತಿದೆಯಲ್ಲ" ಅನ್ನುವುದರಲ್ಲಿ ಅರ್ಥವಿಲ್ಲ. ಸಡಿಲವಾದ ವೈರ್‌ನಲ್ಲೂ ಚಾರ್ಜರ್‌ಗೆ ಬೇಕಾದಷ್ಟು ಕರೆಂಟ್ ಹರಿಯುತ್ತದೆ, ಭಾರ ಬಿದ್ದಾಗಲೇ ಅದರ ಬಣ್ಣ ಬಯಲಾಗುವುದು. ಟೆಸ್ಟರ್ ಮೇಲೂ ಪೂರ್ತಿ ನಂಬಿಕೆ ಬೇಡ. ಟೆಸ್ಟರ್ ದೀಪ ಹತ್ತಿದರೆ ಫೇಸ್ (ಕರೆಂಟ್ ತರುವ ವೈರ್) ಇದೆ ಅಂತಷ್ಟೇ ಅರ್ಥ. ನ್ಯೂಟ್ರಲ್ (ಕರೆಂಟ್ ಮರಳುವ ವೈರ್) ಕಡಿದಿದ್ದರೆ ಟೆಸ್ಟರ್ ಹತ್ತುತ್ತದೆ, ಮಷಿನ್ ಹತ್ತುವುದಿಲ್ಲ.

ಡ್ರೈಯರ್‌ಗೆ 16 ಆಂಪ್ಸ್‌ನ ದೊಡ್ಡ ಸಾಕೆಟ್ ಬೇಕೇ ಬೇಕು. ಎಕ್ಸ್‌ಟೆನ್ಷನ್ ಬಾಕ್ಸ್ ಬೇಡ, ದೊಡ್ಡ ಪ್ಲಗ್‌ನ್ನು ಚಿಕ್ಕ ಸಾಕೆಟ್‌ಗೆ ಕೂರಿಸುವ ಕನ್ವರ್ಟರ್ ಅಂತೂ ಬೇಡವೇ ಬೇಡ. ಲೆಕ್ಕ ಸರಳ: 2,200 ವ್ಯಾಟ್‌ನ ಡ್ರೈಯರ್ 230 ವೋಲ್ಟ್‌ನಲ್ಲಿ ಸುಮಾರು 9.6 ಆಂಪ್ಸ್ ಎಳೆಯುತ್ತದೆ. ಅದೇ ಲೈನ್‌ನಲ್ಲಿ 2,000 ವ್ಯಾಟ್‌ನ ಗೀಸರ್ ಇದ್ದರೆ ಇನ್ನೂ 8.7 ಸೇರಿ 18 ದಾಟುತ್ತದೆ. 16ರ ಎಂಸಿಬಿ ಬಹಳ ಹೊತ್ತು ತಡೆದು ಆಮೇಲೆ ಬೀಳಬಹುದು. ಬೆಳಿಗ್ಗೆ ಸ್ನಾನದ ಹೊತ್ತಿಗೆ ಡ್ರೈಯರ್ ನಿಲ್ಲುತ್ತದೆ, ಮಧ್ಯಾಹ್ನ ಸರಿಯಾಗಿ ಓಡುತ್ತದೆ ಅನ್ನುವವರು ಗೀಸರ್ ಮೇಲೆ ಒಂದು ಕಣ್ಣಿಡಿ.

ವೋಲ್ಟೇಜ್ ಕೂಡ ನೋಡಿ. ಸಂಜೆ ಹೊತ್ತು ಟ್ಯೂಬ್‌ಲೈಟ್ ಮಿಣುಕುತ್ತದೆ, ಮಿಕ್ಸರ್ ನಿಧಾನವಾಗಿ ತಿರುಗುತ್ತದೆ ಅಂದರೆ ವೋಲ್ಟೇಜ್ ಕಡಿಮೆ. ಎಲೆಕ್ಟ್ರಾನಿಕ್ ಬೋರ್ಡ್ ಇರುವ ಮಷಿನ್‌ಗಳು ಒಂದು ಮಟ್ಟಕ್ಕಿಂತ ಕೆಳಗೆ ಹೋದರೆ ತಾವಾಗಿಯೇ ಕೆಲಸ ನಿಲ್ಲಿಸುತ್ತವೆ. ಬೆಳಗಿನ ಜಾವ ಮತ್ತೊಮ್ಮೆ ಪ್ರಯತ್ನಿಸಿ. ಆಗ ಚಾಲೂ ಆದರೆ ಮಷಿನ್‌ನಲ್ಲಿ ತಪ್ಪಿಲ್ಲ.

ದೀಪ ಇದೆ, ಮಷಿನ್ ಸುಮ್ಮನಿದೆ

ಇಲ್ಲಿ ಹೆಚ್ಚಿನ ಸಲ ಯಾವುದೂ ಕೆಟ್ಟಿರುವುದಿಲ್ಲ. ಚೈಲ್ಡ್ ಲಾಕ್ ಬಿದ್ದಿದೆಯೇ ನೋಡಿ, ಬೀಗದ ಗುರುತು ಇರುತ್ತದೆ. ಆ ಬಟನ್‌ನ್ನು ಮೂರ್ನಾಲ್ಕು ಸೆಕೆಂಡ್ ಒತ್ತಿ ಹಿಡಿದರೆ ಸಾಮಾನ್ಯವಾಗಿ ಹೋಗುತ್ತದೆ. ತಡವಾಗಿ ಶುರುವಾಗುವ ಟೈಮರ್ ಯಾರೋ ಇಟ್ಟಿದ್ದರೆ ಪರದೆ ಮೇಲೆ ತಾಸುಗಳ ಎಣಿಕೆ ಕಾಣುತ್ತದೆ. ಕೆಲವು ಮಾದರಿಗಳಲ್ಲಿ ಸ್ಟಾರ್ಟ್ ಬಟನ್ ಮುಟ್ಟಿ ಬಿಟ್ಟರೆ ಸಾಲದು, ಸ್ವಲ್ಪ ಹೊತ್ತು ಒತ್ತಿ ಹಿಡಿಯಬೇಕು. ಕಂಡೆನ್ಸರ್ ಮಾದರಿಯಾದರೆ ನೀರಿನ ಡಬ್ಬಿ ಹೊರಗೆಳೆದು ಖಾಲಿ ಮಾಡಿ, ಕೊನೆಯವರೆಗೂ ತಳ್ಳಿ ಕೂರಿಸಿ. ತುಂಬಿದ ಡಬ್ಬಿಗೂ ಸರಿಯಾಗಿ ಕೂರದ ಡಬ್ಬಿಗೂ ಮಷಿನ್ ಮುಷ್ಕರ ಹೂಡುತ್ತದೆ. ಪರದೆಯಲ್ಲಿ ಅಕ್ಷರ-ಅಂಕಿಯ ಎರರ್ ಕೋಡ್ ಬಂದರೆ ಕಂಪನಿಯ ಪುಸ್ತಕವನ್ನೇ ನೋಡಿ, ಒಂದು ಕಂಪನಿಯ ಕೋಡ್ ಇನ್ನೊಂದಕ್ಕೆ ಹೊಂದುವುದಿಲ್ಲ.

ಇವೆಲ್ಲ ಸರಿ ಇದ್ದರೆ ಬಾಗಿಲು. ಡ್ರೈಯರ್ ಬಾಗಿಲಲ್ಲಿ ಒಂದು ಚಿಕ್ಕ ಸ್ವಿಚ್ ಇದೆ. ಬಾಗಿಲು ಹಾಕಿದಾಗ ಕೊಂಡಿ ಅದನ್ನು ಒತ್ತಬೇಕು, ಆಗ ಟಿಕ್ ಅನ್ನುತ್ತದೆ. ಬಾಗಿಲು ತೆರೆದು, ಪ್ಲಗ್ ತೆಗೆದು, ಆ ತೂತಿನೊಳಗೆ ಟಾರ್ಚ್ ಬಿಟ್ಟು ನೋಡಿ. ಬಟ್ಟೆಯ ನಾರು ಹತ್ತಿಯ ಹಾಗೆ ಗಂಟುಕಟ್ಟಿ ಕೂತಿರುತ್ತದೆ. ಅದರ ಜೊತೆ ನಮ್ಮ ಊರಿನ ಕೆಂಪು-ಕಪ್ಪು ಧೂಳು, ಕೆಲವೊಮ್ಮೆ ಇರುವೆ. ಹಳೆಯ ಟೂತ್‌ಬ್ರಷ್‌ನಲ್ಲಿ ತೆಗೆಯಿರಿ. ಆಮೇಲೆ ಪೆನ್ಸಿಲ್‌ನಿಂದ ಸ್ವಿಚ್ ಒತ್ತಿ ನೋಡಿ. ಸ್ಪಷ್ಟವಾದ ಟಿಕ್ ಬಂದರೆ ಸ್ವಿಚ್‌ನ ಸ್ಪ್ರಿಂಗ್ ಚೆನ್ನಾಗಿದೆ. ಮೆತ್ತಗೆ ಒಳಗೆ ಹೋಗಿ ಸದ್ದಿಲ್ಲದೆ ಕೂತರೆ ಅದು ಮುಗಿದಿದೆ. ಬಾಗಿಲ ಕೊಂಡಿ ಮುರಿದಿದ್ದರೂ, ಒಂದು ಚೂರು ಸವೆದಿದ್ದರೂ ಇದೇ ಲಕ್ಷಣ. ಬಾಗಿಲನ್ನು ಗಟ್ಟಿಯಾಗಿ ಒತ್ತಿ ಹಿಡಿದಾಗ ಮಷಿನ್ ಚಾಲೂ ಆಗುತ್ತದೆ, ಬಿಟ್ಟರೆ ನಿಲ್ಲುತ್ತದೆ ಅಂದರೆ ಅನುಮಾನವೇ ಬೇಡ. ಸ್ವಿಚ್‌ಗೆ ಕಾಗದ ತುರುಕಿ, ಟೇಪ್ ಸುತ್ತಿ ಓಡಿಸುವವರನ್ನು ನೋಡಿದ್ದೇನೆ. ಮನೆಯಲ್ಲಿ ಚಿಕ್ಕ ಮಕ್ಕಳಿದ್ದರೆ ಅದರಷ್ಟು ಕೆಟ್ಟ ಉಪಾಯ ಇನ್ನೊಂದಿಲ್ಲ.

ಮೀಟರ್ ಹಿಡಿದು ಒಳಗೆ

ಇಲ್ಲಿಂದ ಮುಂದೆ ವೋಲ್ಟ್ ಅಳೆಯುವ, ವೈರ್ ಕಡಿದಿದೆಯೇ ಹೇಳುವ ಮಲ್ಟಿಮೀಟರ್ ಬೇಕು. ಕೆಲವು ನೂರು ರೂಪಾಯಿಗೆ ಹುಬ್ಬಳ್ಳಿ ಪೇಟೆಯ ಎಲೆಕ್ಟ್ರಾನಿಕ್ಸ್ ಅಂಗಡಿಗಳಲ್ಲಿ ಸಿಗುತ್ತದೆ. ಕೆಪಾಸಿಟರ್ ಅಳೆಯುವ ಸೌಲಭ್ಯ ಇರುವುದನ್ನೇ ಕೇಳಿ ತನ್ನಿ.

ಸ್ವಿಚ್ ಬಂದ್ ಮಾಡಿದರೆ ಸಾಕು ಅನ್ನಬೇಡಿ. ಪ್ಲಗ್ ಹೊರಗೆಳೆದು ನಿಮ್ಮ ಕಣ್ಣೆದುರು ನೆಲದ ಮೇಲೆ ಇಡಿ. ಹಳೆಯ ವೈರಿಂಗ್‌ನಲ್ಲಿ ಫೇಸ್-ನ್ಯೂಟ್ರಲ್ ಅದಲುಬದಲಾಗಿ, ಸ್ವಿಚ್ ಬಂದ್ ಆದರೂ ಒಳಗೆ ಕರೆಂಟ್ ಇರುವುದುಂಟು. ನೆಲ ಒಣಗಿರಲಿ, ಕಾಲಲ್ಲಿ ಚಪ್ಪಲಿ ಇರಲಿ. ಬಿಚ್ಚುವ ಮೊದಲು ಪ್ರತಿ ವೈರ್ ಜಾಗವನ್ನು ಮೊಬೈಲ್‌ನಲ್ಲಿ ಫೋಟೊ ತೆಗೆಯಿರಿ. ತಗಡಿನ ಅಂಚುಗಳು ಬ್ಲೇಡಿನಷ್ಟು ಹರಿತ, ಕೈಗವಸು ಹಾಕಿಕೊಳ್ಳಿ.

ಮೊದಲು ಮೀಟರ್ ಬೇಡ, ಕಣ್ಣು ಸಾಕು. ಮಳೆಗಾಲದಲ್ಲಿ ಇಲಿಗಳಿಗೆ ಬೆಚ್ಚಗಿನ ಜಾಗ ಬೇಕು. ಬಟ್ಟೆಯ ನಾರು ತುಂಬಿದ ಡ್ರೈಯರ್ ತಳಕ್ಕಿಂತ ಒಳ್ಳೆಯ ಜಾಗ ಎಲ್ಲಿ ಸಿಗಬೇಕು? ಕಡಿದ ವೈರ್, ಹಿಕ್ಕೆ, ಬೋರ್ಡ್ ಮೇಲೆ ಸುಟ್ಟು ಅಂಟಿಕೊಂಡ ಹಲ್ಲಿ, ಇವೆಲ್ಲ ನೋಡಿದ ಕೂಡಲೇ ಗೊತ್ತಾಗುತ್ತವೆ.

ಆಮೇಲೆ ಪವರ್ ಕೇಬಲ್. ಮೀಟರ್‌ನ್ನು ಬೀಪ್ ಗುರುತಿಗೆ ತಿರುಗಿಸಿ. ಒಂದು ಕಡ್ಡಿ ಪ್ಲಗ್‌ನ ಪಿನ್‌ಗೆ, ಇನ್ನೊಂದು ಕಡ್ಡಿ ಅದೇ ವೈರ್ ಮಷಿನ್ ಒಳಗೆ ಸೇರುವ ಜಾಗಕ್ಕೆ. ಮೂರೂ ವೈರ್ ಬೀಪ್ ಅನ್ನಬೇಕು, ಅನ್ನದಿದ್ದರೆ ಆ ವೈರ್ ಕಡಿದಿದೆ. ಅಲ್ಲಿಂದ ಮುಂದೆ ಒಂದು ಚಿಕ್ಕ ಡಬ್ಬಿ ಇರುತ್ತದೆ, ನಾಯ್ಸ್ ಫಿಲ್ಟರ್. ಕರೆಂಟ್ ಹೋಗಿ ಒಮ್ಮೆಗೇ ಜೋರಾಗಿ ಬಂದಾಗ ಮೊದಲು ಪೆಟ್ಟು ತಿನ್ನುವವುಗಳಲ್ಲಿ ಇದೂ ಒಂದು. ಅದರೊಳಗೆ ಬಂದ ಫೇಸ್ ಹೊರಗೂ ಹೋಗಬೇಕು, ನ್ಯೂಟ್ರಲ್ ಕೂಡ. ಒಂದು ಕಡೆ ಬೀಪ್ ಇಲ್ಲದಿದ್ದರೆ ದೀಪ ಹತ್ತದ ಕಾರಣ ಸಿಕ್ಕಿತು. ಬಾಗಿಲ ಸ್ವಿಚ್‌ನ್ನೂ ಹೀಗೇ ಅಳೆಯಿರಿ. ಒತ್ತಿದಾಗ ಬೀಪ್ ಬರಬೇಕು, ಬಿಟ್ಟಾಗ ನಿಲ್ಲಬೇಕು.

ಹೀಟರ್ ಬಳಿ ಬಟನ್ ಗಾತ್ರದ ದುಂಡನೆಯ ಥರ್ಮೋಸ್ಟಾಟ್‌ಗಳಿರುತ್ತವೆ. ಬಿಸಿ ಅತಿಯಾದರೆ ಕಡಿದುಕೊಳ್ಳುವುದು ಅವುಗಳ ಕೆಲಸ. ಬಹಳ ಮಾದರಿಗಳಲ್ಲಿ ಇದು ಹೋದರೆ ಡ್ರಮ್ ತಿರುಗುತ್ತದೆ, ಬಿಸಿ ಮಾತ್ರ ಬರುವುದಿಲ್ಲ. ಇನ್ನು ಕೆಲವದರಲ್ಲಿ ಮಷಿನ್ನೇ ಏಳುವುದಿಲ್ಲ. ತಣ್ಣಗಿರುವಾಗ ಬೀಪ್ ಬರದಿದ್ದರೆ ಹೋಗಿದೆ ಅಂತಲೇ. ಕೆಲವಕ್ಕೆ ನಡುವೆ ಚಿಕ್ಕ ರೀಸೆಟ್ ಬಟನ್ ಇರುತ್ತದೆ, ಒತ್ತಿದರೆ ಟಕ್ ಎಂದು ಕೂರುತ್ತದೆ. ಎರಡು ವೈರ್ ಜೋಡಿಸಿ ಇದನ್ನು ದಾಟಿಸಿ ಓಡಿಸುವ "ಜುಗಾಡ್" ಯಾರಾದರೂ ಹೇಳಿದರೆ ಅವರನ್ನು ಮನೆಯೊಳಗೆ ಬಿಟ್ಟುಕೊಳ್ಳಬೇಡಿ. ನಾರು ತುಂಬಿದ ಪೆಟ್ಟಿಗೆ, ಒಳಗೆ 2,000 ವ್ಯಾಟ್ ಹೀಟರ್, ತಡೆಯುವವರು ಯಾರೂ ಇಲ್ಲ. ಬೆಂಕಿಗೆ ಇನ್ನೇನು ಬೇಕು? ಹೊಸದು ಹಾಕುವಾಗ ಹಳೆಯದು ಯಾಕೆ ಹೋಯಿತು ಅಂತಲೂ ನೋಡಿ. ಬಹುತೇಕ ನಾರು ಹಿಡಿಯುವ ಫಿಲ್ಟರ್ ಕಟ್ಟಿರುತ್ತದೆ, ಇಲ್ಲವೇ ಹೊರಗಿನ ಪೈಪ್ ಗೋಡೆಗೆ ಒತ್ತಿ ಮಡಚಿರುತ್ತದೆ. ಅದನ್ನು ಸರಿಮಾಡದಿದ್ದರೆ ಹೊಸದೂ ಅದೇ ದಾರಿ ಹಿಡಿಯುತ್ತದೆ.

ಗುಂಯ್ ಅನ್ನುವ ಮಷಿನ್

ಪ್ಲಗ್ ತೆಗೆದು ಡ್ರಮ್‌ನ್ನು ಕೈಯಿಂದ ತಿರುಗಿಸಿ. ಸ್ವಲ್ಪ ಬಿಗಿಯಾಗಿ, ಒಂದೇ ಸಮನೆ ತಿರುಗಿದರೆ ಸರಿ ಇದೆ. ಒಂದು ಜಾಗದಲ್ಲಿ ಸಿಕ್ಕಿ ನಿಂತರೆ ನಾಣ್ಯವೋ ಬ್ರಾದ ತಂತಿಯೋ ಡ್ರಮ್ ಅಂಚಿನಲ್ಲಿ ಕೂತಿದೆ. ಗಾಳಿಪಟದ ಚರಕದ ಹಾಗೆ ಸಲೀಸಾಗಿ ತಿರುಗಿದರೆ ಬೆಲ್ಟ್ ಹರಿದಿದೆ. ಕೆಲವು ಮಷಿನ್‌ಗಳಲ್ಲಿ ಬೆಲ್ಟ್ ಹರಿದರೆ ಮೋಟಾರ್‌ಗೂ ಕರೆಂಟ್ ಹೋಗದಂತೆ ಒಂದು ಸ್ವಿಚ್ ಇರುತ್ತದೆ. ಆಗ ಗುಂಯ್ ಸದ್ದೂ ಇರುವುದಿಲ್ಲ. ಹಾಗಾಗಿ ದೀಪ ಇದ್ದೂ ಸುಮ್ಮನಿರುವ ಮಷಿನ್‌ನ ಡ್ರಮ್‌ನ್ನೂ ಒಮ್ಮೆ ತಿರುಗಿಸಿ ನೋಡಿ.

ಡ್ರಮ್ ಸರಿಯಾಗಿ ತಿರುಗುತ್ತದೆ, ಆದರೂ ಗುಂಯ್ ಅನ್ನುತ್ತದೆ ಅಂದರೆ ಕೆಪಾಸಿಟರ್ ಮೇಲೆ ಅನುಮಾನ ಜಾಸ್ತಿ. ಮೋಟಾರ್ ಪಕ್ಕದಲ್ಲಿ ಬಿಳಿ ಅಥವಾ ಬೂದು ಬಣ್ಣದ ಸಿಲಿಂಡರ್ ಇರುತ್ತದೆ, ಅದೇ. ಪ್ಲಗ್ ತೆಗೆದ ಮೇಲೂ ಅದರಲ್ಲಿ ಕರೆಂಟ್ ಉಳಿದಿರಬಹುದು, ಬೆರಳು ತಾಗಿಸಬೇಡಿ. ಹಳೆಯ ತಂತಿ ಬಲ್ಬಿನ ಹೋಲ್ಡರ್‌ಗೆ ಎರಡು ವೈರ್ ಕಟ್ಟಿ, ವೈರ್‌ನ ಪ್ಲಾಸ್ಟಿಕ್ ಭಾಗವನ್ನೇ ಹಿಡಿದು ಕೆಪಾಸಿಟರ್‌ನ ಎರಡು ತುದಿಗೆ ಕೆಲವು ಸೆಕೆಂಡ್ ತಾಗಿಸಿ. ಉಳಿದ ಕರೆಂಟ್ ಇಳಿಯುತ್ತದೆ. ವೋಲ್ಟ್ ಸೊನ್ನೆ ಇದೆಯೇ ಅಂತ ಮೀಟರ್‌ನಲ್ಲಿ ನೋಡಿಕೊಂಡೇ ಮುಟ್ಟಿ. ವೈರ್ ಬಿಡಿಸಿ ಅಳೆಯಿರಿ. ಮೈಮೇಲೆ ಬರೆದ ಮೈಕ್ರೋಫ್ಯಾರಡ್‌ಗಿಂತ ಶೇ. 10ಕ್ಕೂ ಹೆಚ್ಚು ಇಳಿದಿದ್ದರೆ, ಅಥವಾ ಮೈ ಊದಿ ಎಣ್ಣೆ ಜಿನುಗಿದ್ದರೆ ಬದಲಿಸಿ. ಅಂಗಡಿಗೆ ಹಳೆಯದನ್ನೇ ತೆಗೆದುಕೊಂಡು ಹೋಗಿ. ಮೈಕ್ರೋಫ್ಯಾರಡ್ ಅಷ್ಟೇ ಇರಬೇಕು, ವೋಲ್ಟ್ ಅಷ್ಟೇ ಅಥವಾ ಜಾಸ್ತಿ ಇರಬಹುದು. "ಇದೂ ನಡಿತೈತ್ರಿ" ಅಂತ ಬೇರೆ ಅಂಕಿಯದು ಕೊಟ್ಟರೆ ಬೇಡ ಅನ್ನಿ.

ಸೆಮಿ ಆಟೋಮ್ಯಾಟಿಕ್‌ನ ಹಿಂಡುವ ಟಬ್

ಒಗೆಯುವ ಕಡೆ ಸರಿಯಾಗಿ ಓಡುತ್ತಿದ್ದರೆ ಸಾಕೆಟ್ ವಿಚಾರ ಬಿಟ್ಟುಬಿಡಿ. ಸ್ಪಿನ್ ಟೈಮರ್ ಟಿಕ್ ಟಿಕ್ ಅನ್ನುತ್ತಿದೆ, ಹಾಗಾದರೆ ಕರೆಂಟ್ ಬರುತ್ತಿದೆ ಅಂದುಕೊಳ್ಳುತ್ತಾರೆ. ಆ ಸದ್ದು ಸ್ಪ್ರಿಂಗ್‌ನದು, ಪ್ಲಗ್ ತೆಗೆದಿದ್ದರೂ ಬರುತ್ತದೆ.

ಮುಚ್ಚಳ ಎರಡು ಕೆಲಸ ಮಾಡುತ್ತದೆ. ಹಾಕಿದಾಗ ಸ್ವಿಚ್ ಒತ್ತುತ್ತದೆ, ಜೊತೆಗೆ ಒಂದು ತಂತಿಯನ್ನು ಎಳೆದು ಕೆಳಗಿನ ಬ್ರೇಕ್ ಬಿಡಿಸುತ್ತದೆ. ಸ್ವಿಚ್‌ನ ಪಟ್ಟಿ ತುಕ್ಕು ಹಿಡಿದಿದ್ದರೆ ಪೂರ್ತಿ ಮೌನ. ತಂತಿ ಸಡಿಲಾಗಿದ್ದರೆ ಬ್ರೇಕ್ ಹಿಡಿದೇ ಇರುತ್ತದೆ, ಮೋಟಾರ್ ಗುಂಯ್ ಅನ್ನುತ್ತದೆ. ಪ್ಲಗ್ ತೆಗೆದು, ಮುಚ್ಚಳದ ಮೂಲೆಯ ಹಿಡಿಯನ್ನು ಒತ್ತಿ ಹಿಡಿದು, ಟಬ್ ತಿರುಗಿಸಿ ನೋಡಿ. ಆಗಲೂ ಬಿಗಿ ಇದ್ದರೆ ಹಿಂದಿನ ತಗಡು ಬಿಚ್ಚಿ ಬ್ರೇಕ್ ತಂತಿ ನೋಡಬೇಕು. ಅದಕ್ಕೂ ಮೊದಲು ಟಬ್ ಮತ್ತು ಹೊರಗಿನ ಗೋಡೆಯ ನಡುವಿನ ಸಂದಿಗೆ ಟಾರ್ಚ್ ಬಿಡಿ. ಮಗುವಿನ ಒಂದು ಕಾಲುಚೀಲ, ಕರ್ಚೀಫು ಅಲ್ಲಿ ಸುತ್ತಿಕೊಂಡಿರುತ್ತದೆ. ಟಬ್ ಸಲೀಸಾಗಿ ತಿರುಗಿ, ಕರೆಂಟ್ ಕೊಟ್ಟಾಗ ಮಾತ್ರ ಗುಂಯ್ ಅಂದರೆ ಇಲ್ಲೂ ಕೆಪಾಸಿಟರ್. ಹಲವು ಮಷಿನ್‌ಗಳಲ್ಲಿ ಒಗೆಯುವುದಕ್ಕೂ ಹಿಂಡುವುದಕ್ಕೂ ಸೇರಿಸಿ ಒಂದೇ ಡಬ್ಬಿ ಇರುತ್ತದೆ. ಒಂದು ಭಾಗ ಹೋಗಿ ಇನ್ನೊಂದು ಉಳಿದಿರುತ್ತದೆ.

ಎಂಸಿಬಿ ಬೀಳುತ್ತಿದ್ದರೆ, ಬೋರ್ಡ್ ಹೋಗಿದ್ದರೆ

ಒತ್ತಿದ ಕೂಡಲೇ ಎಂಸಿಬಿ ಅಥವಾ ಆರ್‌ಸಿಸಿಬಿ ಬಿದ್ದರೆ, ಮಷಿನ್ ತಗಡು ಮುಟ್ಟಿದಾಗ ಜುಮ್ ಅಂದರೆ, ಪ್ಲಗ್ ತೆಗೆದು ಅಲ್ಲಿಗೇ ಬಿಡಿ. ಹೀಟರ್ ಅಥವಾ ಮೋಟಾರ್ ಒಳಗಿನ ಕರೆಂಟ್ ತಂತಿ ತಗಡಿಗೆ ತಾಗಿರಬಹುದು. ಬಾಲ್ಕನಿಯಲ್ಲಿ ಇಟ್ಟ ಮಷಿನ್ ಆದರೆ ಇರಚಲು ಹೊಡೆದು ಪ್ಯಾನೆಲ್ ಒಳಗೆ ನೀರು ಇಳಿದಿರಬಹುದು. ಮನೆಯ ಅರ್ಥಿಂಗ್ ಸಮೇತ ಎಲೆಕ್ಟ್ರಿಷಿಯನ್ ನೋಡಲಿ.

ಕೇಬಲ್, ನಾಯ್ಸ್ ಫಿಲ್ಟರ್, ಸ್ವಿಚ್, ಥರ್ಮೋಸ್ಟಾಟ್, ಬೆಲ್ಟ್, ಕೆಪಾಸಿಟರ್ ಎಲ್ಲ ಸರಿ ಇದ್ದು, ಸ್ಟಾರ್ಟ್ ಒತ್ತಿದರೂ ಮೋಟಾರ್‌ಗೆ ವೋಲ್ಟೇಜ್ ಬರದಿದ್ದಾಗ ಮಾತ್ರ "ಬೋರ್ಡ್" ಅನ್ನುವ ಮಾತಿಗೆ ಅರ್ಥ. ಆ ಕೊನೆಯ ಅಳತೆಯನ್ನು ಕರೆಂಟ್ ಇರುವಾಗಲೇ ಮಾಡಬೇಕು, ಅದನ್ನು ಮೆಕ್ಯಾನಿಕ್‌ಗೇ ಬಿಡಿ. ಫೋನ್‌ನಲ್ಲಿ "ಚಾಲೂ ಆಗವಲ್ದ್ರಿ" ಅಂತಷ್ಟೇ ಹೇಳಬೇಡಿ. "ದೀಪ ಹತ್ತುತ್ತೆ, ಬಾಗಿಲ ಸ್ವಿಚ್ ಸರಿ ಇದೆ, ಡ್ರಮ್ ಕೈಯಲ್ಲಿ ತಿರುಗುತ್ತೆ, ಗುಂಯ್ ಸದ್ದೂ ಇಲ್ಲ" ಅನ್ನಿ. ಮಾಡೆಲ್ ನಂಬರ್ ಸೇರಿಸಿ, ಬಾಗಿಲ ಅಂಚಿನಲ್ಲಿ ಅಥವಾ ಹಿಂದೆ ಸ್ಟಿಕ್ಕರ್ ಇರುತ್ತದೆ. ಹಾಗೆ ಹೇಳಿದರೆ ಅವರು ಸರಿಯಾದ ಸಾಮಾನು ಹಿಡಿದುಕೊಂಡೇ ಬರುತ್ತಾರೆ. ಬೋರ್ಡ್ ಬದಲಿಸಿದರೆ ಹಳೆಯದನ್ನು ಕೇಳಿ ಇಟ್ಟುಕೊಳ್ಳಿ. ಬೋರ್ಡ್ ಮೇಲಿನ ಒಂದು ರಿಲೇ (ಸ್ವಿಚ್‌ನಂತೆ ಕೆಲಸ ಮಾಡುವ ಚಿಕ್ಕ ಭಾಗ) ಮಾತ್ರ ಸುಟ್ಟಿದ್ದರೆ ಬೋರ್ಡ್ ರಿಪೇರಿ ಮಾಡುವವರು ಅದೊಂದನ್ನೇ ಬದಲಿಸಿ ಕೊಡುತ್ತಾರೆ.

ರಿಪೇರಿ ಆದ ದಿನ ಮೊದಲು ಬಟ್ಟೆ ಇಲ್ಲದೆ ಹತ್ತು ನಿಮಿಷ ಓಡಿಸಿ, ಆಮೇಲೆ ಅರ್ಧ ಲೋಡ್ ಹಾಕಿ ಅರ್ಧ ತಾಸು. ಸ್ವಿಚ್ ಬಂದ್ ಮಾಡಿ ಪ್ಲಗ್‌ನ ಮೈ ಮುಟ್ಟಿ ನೋಡಿ. ಸ್ವಲ್ಪ ಬೆಚ್ಚಗಿದ್ದರೆ ಚಿಂತೆಯಿಲ್ಲ. ಕೈ ಇಡಲಾಗದಷ್ಟು ಬಿಸಿ ಇದ್ದರೆ ಸಾಕೆಟ್ ಬದಲಿಸುವವರೆಗೆ ಮತ್ತೆ ಚಾಲೂ ಮಾಡಬೇಡಿ.